ಪಡುವಣದ ಸೂರ್ಯನಿಗೆ ತಿಂಗಳಿಗೊಂದು ಜಾಗ

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಮಂಗಳೂರಿಗೆ ಬರುವ ನೆಂಟರು ಹೊರಡುವ ಮೊದಲೇ ಫೋನು ಮಾಡಿ ಕೇಳುವ ಪ್ರಶ್ನೆಗಳಲ್ಲಿ ಒಂದು, ಸೂರ್ಯಾಸ್ತ ನೋಡುವುದಕ್ಕೆ ಯಾವ ಬೀಚ್ ಒಳ್ಳೆಯದು ಎಂಬುದು. ಯಾವ ತಿಂಗಳಲ್ಲಿ ಬರುತ್ತೀರಿ ಎಂದು ನಾನು ಮರುಪ್ರಶ್ನೆ ಹಾಕಿದರೆ, ಮಳೆಗಾಲದ ವಿಷಯ ಹೇಳುತ್ತಿದ್ದೇನೆ ಎಂದು ಅವರು ತಿಳಿದುಕೊಳ್ಳುತ್ತಾರೆ. ಅದು ಅರ್ಧ ಸರಿ. ಉಳಿದರ್ಧ, ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ ಎಂಬ ಎಲ್ಲರಿಗೂ ಗೊತ್ತಿದ್ದರೂ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ.

ಬೋಳೂರಿನ ನಮ್ಮ ಮನೆಯ ತಾರಸಿಯಿಂದ ಇದು ಚೆನ್ನಾಗಿ ಕಾಣುತ್ತದೆ. ಡಿಸೆಂಬರಿನಲ್ಲಿ ಎಡಗಡೆಗೆ, ಬೆಂಗ್ರೆಯ ತೆಂಗಿನ ಮರಗಳ ಹಿಂದೆ ಇಳಿಯುವ ಸೂರ್ಯ ಜೂನ್ ಹೊತ್ತಿಗೆ ಬಲಗಡೆಗೆ, ತಣ್ಣೀರುಬಾವಿಯ ದಿಕ್ಕಿಗೆ ಸರಿದಿರುತ್ತಾನೆ. ನೇರ ಪಶ್ಚಿಮದಿಂದ ಆ ಕಡೆಗೆ 24 ಡಿಗ್ರಿ, ಈ ಕಡೆಗೆ 24 ಡಿಗ್ರಿ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿಯ ಪಕ್ಕಕ್ಕೆ ಮುಷ್ಟಿ ಇಟ್ಟು ಅಳೆದರೆ ಹೆಚ್ಚುಕಡಿಮೆ ಐದು ಮುಷ್ಟಿಗಳಷ್ಟು ಅಗಲ. ಹೊತ್ತೂ ಹಾಗೆಯೇ ಬದಲಾಗುತ್ತದೆ. ನವೆಂಬರ್ ಕೊನೆಯಲ್ಲಿ ಸಂಜೆ 6 ಗಂಟೆಯ ಆಸುಪಾಸಿನಲ್ಲಿ ಮುಳುಗುವವನು ಜುಲೈ ಮೊದಲ ವಾರದಲ್ಲಿ 7 ಗಂಟೆಯವರೆಗೂ ಇರುತ್ತಾನೆ. ನಮ್ಮ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ ನಡೆಯುವುದರಿಂದ ಸುಮಾರು 75 ಡಿಗ್ರಿಯಲ್ಲಿರುವ ಮಂಗಳೂರಿಗೆ ಸೂರ್ಯ ಯಾವಾಗಲೂ ಅರ್ಧ ಗಂಟೆ ತಡವಾಗಿಯೇ ಬಂದು ತಡವಾಗಿಯೇ ಹೋಗುತ್ತಾನೆ. ತುಳುವಿನಲ್ಲಿ ಪಡುವಣಕ್ಕೆ ಪಡ್ಡಾಯಿ ಎನ್ನುತ್ತಾರೆ. ಪಡುಬಿದ್ರಿ, ಪಡುಕೆರೆ ಎಂದು ಊರುಗಳ ಹೆಸರಿನಲ್ಲಿಯೇ ಪಡುವನ್ನು ಸೇರಿಸಿಕೊಂಡಿರುವ ನಾವು ಈ ದಿಕ್ಕನ್ನು ಇನ್ನೂ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಮಂಗಳೂರಿನ ಒಳಗಿನಿಂದ ಹೊರಡುವವರಿಗೆ ನಾನು ಮೊದಲು ಹೇಳುವುದು ತಣ್ಣೀರುಬಾವಿ, ಅದೂ ಸುಲ್ತಾನ್ ಬತ್ತೇರಿಯ ಕಡವಿನಿಂದ ದೋಣಿಯಲ್ಲಿ. ಯುದ್ಧದ ಹಡಗುಗಳು ನದಿಯೊಳಗೆ ನುಗ್ಗದಂತೆ ಕಾವಲಿಗಾಗಿ 1784ರಲ್ಲಿ ಟಿಪ್ಪು ಸುಲ್ತಾನ್ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಆ ಬುರುಜಿನ ಬದಿಯಿಂದ ಗುರುಪುರ ನದಿಯನ್ನು ದಾಟಿ, ಆಚೆ ದಡದಲ್ಲಿ ಸ್ವಲ್ಪ ನಡೆದರೆ ಮರಗಳ ನಡುವಿನಿಂದ ಕಡಲು ಒಮ್ಮೆಲೇ ತೆರೆದುಕೊಳ್ಳುತ್ತದೆ. ಕಾರಿನಲ್ಲಿ ಕೂಳೂರು ಸುತ್ತಿ ಬಂದವರಿಗೆ ಈ ನದಿಯೂ ಇಲ್ಲ, ಈ ತೆರೆದುಕೊಳ್ಳುವಿಕೆಯೂ ಇಲ್ಲ. ಆದರೆ ಕೊನೆಯ ದೋಣಿಯ ಹೊತ್ತನ್ನು ಆಚೆ ದಡದಲ್ಲಿ ಇಳಿಯುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು. ಒಂದು ಭಾನುವಾರ ಕೆಂಪು ಮೋಡಗಳನ್ನು ನೋಡುತ್ತಾ ನಿಂತು, ದೋಣಿ ತಪ್ಪಿಸಿಕೊಂಡು, ಕಣ್ಣೆದುರಿಗೇ ನದಿಯಾಚೆ ಕಾಣುತ್ತಿದ್ದ ನಮ್ಮ ಓಣಿಯ ದೀಪಗಳಿಗೆ ಬೆನ್ನು ಹಾಕಿ ಕೂಳೂರಿನ ಮೂಲಕ ರಿಕ್ಷಾದಲ್ಲಿ ಮನೆ ಸೇರಿದವನು ನಾನು. ದೋಣಿಗೆ ಕೊಡಬೇಕಾಗಿದ್ದ ಚಿಲ್ಲರೆಯ ಎದುರು ರಿಕ್ಷಾದ ಬಾಡಿಗೆಯನ್ನು ಮನೆಯಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ.

ಪಣಂಬೂರಿನಲ್ಲಿ ಜನ ಹೆಚ್ಚು, ಚರುಮುರಿ ಗಾಡಿಗಳೂ ಹೆಚ್ಚು. ಆದರೂ ಅಲ್ಲಿಗೆ ಹೋಗಲು ಒಂದು ಕಾರಣವಿದೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ನವಮಂಗಳೂರು ಬಂದರು ಪಕ್ಕದಲ್ಲಿಯೇ ಇರುವುದರಿಂದ, ಒಳಗೆ ಬರಲು ಸರದಿ ಕಾಯುವ ಹಡಗುಗಳು ದೂರದ ನೀರಿನಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಸೂರ್ಯ ಮುಳುಗಿದ ಮೇಲೆ ಅವು ಒಂದೊಂದಾಗಿ ದೀಪ ಹಚ್ಚಿಕೊಳ್ಳುವುದನ್ನು ನೋಡುವುದಕ್ಕಾದರೂ ಕಾಲು ಗಂಟೆ ಹೆಚ್ಚು ಕೂರಬೇಕು.

ದಕ್ಷಿಣಕ್ಕೆ, ಉಳ್ಳಾಲದ ಆಚೆಗಿನ ಸೋಮೇಶ್ವರ ನನ್ನ ಲೆಕ್ಕದಲ್ಲಿ ಡಿಸೆಂಬರಿನ ಜಾಗ. ದೇವಸ್ಥಾನದಿಂದ ಉತ್ತರಕ್ಕೆ ಮರಳಿನಲ್ಲಿ ಸ್ವಲ್ಪ ದೂರ ನಡೆದು ತಿರುಗಿ ನೋಡಿದರೆ, ನೈಋತ್ಯಕ್ಕೆ ಸರಿದ ಸೂರ್ಯ ಬಂಡೆಗಳ ಕಡೆಗೆ ವಾಲಿಕೊಂಡು ಇಳಿಯುತ್ತಾನೆ. ಏಪ್ರಿಲಿನಲ್ಲಿ ಅದೇ ಜಾಗದಲ್ಲಿ ನಿಂತರೆ ಎದುರಿಗೆ ಬರೀ ನೀರು. ಹೆಚ್ಚಿನವರು ರುದ್ರಪಾದೆಯ ಮೇಲೆ ಹತ್ತಿಯೇ ನೋಡಬೇಕೆಂದು ಹೋಗುತ್ತಾರೆ. ಅಲ್ಲಿ ಕಾಲು ಜಾರಿ ಕಡಲಿಗೆ ಬಿದ್ದವರ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಬಂಡೆಯ ಮೇಲೆ ನಿಂತವನಿಗೆ ಬಂಡೆ ಕಾಣುವುದೂ ಇಲ್ಲ, ಹಾಗಾಗಿ ಚಂದದ ದೃಷ್ಟಿಯಿಂದಲೂ ಕೆಳಗಿನ ಮರಳೇ ಸರಿ.

ಉಡುಪಿಯ ಕಡೆಗೆ ಹೋದರೆ ಕಾಪು. ಇಲ್ಲಿ ನಾನು ಪಕ್ಷಪಾತಿ, ಏಕೆಂದರೆ ನನ್ನ ಅಣ್ಣನ ಮನೆ ಕಟಪಾಡಿಯಲ್ಲಿದೆ. ಕಡಲಿನ ಅಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಸಂಜೆ ಸ್ವಲ್ಪ ಹೊತ್ತು ಮಾತ್ರ ಜನರನ್ನು ಮೇಲೆ ಬಿಡುವುದರಿಂದ, ಬೇಗ ಕತ್ತಲಾಗುವ ನವೆಂಬರ್, ಡಿಸೆಂಬರಿನಲ್ಲಿ ಮೇಲಿನಿಂದ ಸೂರ್ಯಾಸ್ತ ಕಾಣುವ ಅವಕಾಶ ಹೆಚ್ಚು. ಮರಳಿನಲ್ಲಿ ನಿಂತವನ ಕಣ್ಣಿಗೆ ದಿಗಂತ ಹೆಚ್ಚೆಂದರೆ ನಾಲ್ಕೂವರೆ ಕಿಲೋಮೀಟರ್ ದೂರ. ಮೇಲೆ ಹತ್ತಿದರೆ ಅದು 18 ಕಿಲೋಮೀಟರಿಗೂ ಆಚೆಗೆ ಹೋಗುತ್ತದೆ. ಆದ್ದರಿಂದ ಮೇಲಿದ್ದವನಿಗೆ ಸೂರ್ಯ ಸುಮಾರು ಅರ್ಧ ನಿಮಿಷ ಹೆಚ್ಚು ಸಿಗಬೇಕು. ಇದನ್ನು ಪರೀಕ್ಷಿಸಿಯೇ ನೋಡೋಣವೆಂದು ಹೋದ ವರ್ಷ ಅಣ್ಣನ ಮಗಳನ್ನು ಕೆಳಗೆ ಮರಳಿನಲ್ಲಿ ನಿಲ್ಲಿಸಿ, ನಾನು ಮೆಟ್ಟಿಲು ಹತ್ತಿ, ಇಬ್ಬರೂ ಫೋನು ಕಿವಿಗೆ ಹಿಡಿದು ಕಾದೆವು. ಬಿಂಬದ ಕೆಳ ಅಂಚು ನೀರಿಗೆ ತಾಗಿ ಪೂರ್ತಿ ಮುಳುಗುವವರೆಗೆ ನಮ್ಮಲ್ಲಿ ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬೇಕು. “ಚಿಕ್ಕಪ್ಪ, ಇಲ್ಲಿ ಮುಳುಗಿ ಆಯಿತು” ಎಂದು ಅವಳು ಹೇಳಿದಾಗ ನನ್ನ ಕಣ್ಣಿಗೆ ಉಗುರಿನಷ್ಟು ಕೆಂಪು ಇನ್ನೂ ಉಳಿದಿತ್ತು. ನಾನು ಹೇಳಿದ್ದನ್ನು ಅವಳು ನಂಬಲಿಲ್ಲ. ಮರುದಿನ ಅವಳನ್ನು ಮೇಲೆ ಕಳುಹಿಸಿ ನಾನು ಕೆಳಗೆ ನಿಲ್ಲಬೇಕಾಯಿತು.

ಮಲ್ಪೆಯ ಬಗ್ಗೆ ಒಂದೇ ಮಾತು: ಆರು ಮೂಲೆಯ ಕಲ್ಲುಕಂಬಗಳಿಗೆ ಹೆಸರಾದ ಸೇಂಟ್ ಮೇರೀಸ್ ದ್ವೀಪದ ಮೇಲೆ ನಿಂತು ಸೂರ್ಯಾಸ್ತ ನೋಡುವ ಆಸೆಯಿದ್ದರೆ ಬಿಟ್ಟುಬಿಡಿ, ದೋಣಿಗಳು ಅದಕ್ಕೆ ಮೊದಲೇ ಜನರನ್ನು ದಡಕ್ಕೆ ಮರಳಿಸುತ್ತವೆ.

ಮಳೆಗಾಲದಲ್ಲಿ ಕಡಲ ಬದಿಗೆ ಹೋಗಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುವಾಗ ನಮ್ಮಂಥವರ ಮಾತೇನು. ಆಗ ಎತ್ತರದ ಜಾಗಗಳನ್ನು ನೆನಪಿಸಿಕೊಳ್ಳಬೇಕು: ಮಂಗಳೂರಿನಲ್ಲಿ ಬಾವುಟಗುಡ್ಡೆಯ ಉದ್ಯಾನ, ಉಡುಪಿಯ ಹತ್ತಿರ ಪಾಜಕದ ಕುಂಜಾರುಗಿರಿ, ಮಣಿಪಾಲದ ಎಂಡ್ ಪಾಯಿಂಟ್. ಬಾವುಟಗುಡ್ಡೆಯ ಪಡುವಣದ ನೋಟವನ್ನು ಎತ್ತರದ ಫ್ಲಾಟುಗಳು ಈಗ ತುಂಡು ತುಂಡಾಗಿ ಕತ್ತರಿಸಿವೆ, ಆದರೂ ಎರಡು ಕಟ್ಟಡಗಳ ಸಂದಿನಲ್ಲಿ ಕಡಲು ಹೊಳೆದಾಗ ಅದು ತನ್ನದೇ ರೀತಿಯಲ್ಲಿ ಚೆನ್ನಾಗಿರುತ್ತದೆ. ಎಲ್ಲರೂ ಹೇಳುವ ಆಗುಂಬೆ ಉಡುಪಿಯಿಂದ ಸುಮಾರು 55 ಕಿಲೋಮೀಟರ್. ಮೂರು ಬಾರಿ ಹೋಗಿ ಎರಡು ಬಾರಿ ಮಂಜನ್ನೂ ಒಂದು ಬಾರಿ ದಿಗಂತಕ್ಕೆ ತಾಗುವ ಮೊದಲೇ ಮಬ್ಬಿನಲ್ಲಿ ಕರಗಿದ ಸೂರ್ಯನನ್ನೂ ನೋಡಿ ಬಂದಿದ್ದೇನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಿಂದ ಅದಕ್ಕಿಂತ ಹೆಚ್ಚನ್ನು ಬಯಸುವುದು ತಪ್ಪೇ ಇರಬಹುದು.

ಮಬ್ಬಿನ ಮಾತು ಬಂದದ್ದರಿಂದ ಹೇಳುತ್ತೇನೆ, ಪ್ರವಾಸಿಗರು ತುಂಬಿರುವ ಜನವರಿ, ಫೆಬ್ರವರಿಗಿಂತ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ನನಗೆ ಇಷ್ಟ. ಬೇಸಿಗೆಯ ಕಡೆಗೆ ಸಾಗಿದಂತೆ ಆಕಾಶ ಸ್ವಚ್ಛವೆಂದು ತೋರಿದರೂ ದಿಗಂತದ ಮೇಲೆ ಬೂದುಬಣ್ಣದ ಪಟ್ಟಿಯೊಂದು ಕುಳಿತಿರುತ್ತದೆ, ಸೂರ್ಯ ನೀರಿಗೆ ತಾಗುವ ಮೊದಲೇ ಅದರಲ್ಲಿ ಮಾಸಿಹೋಗುತ್ತಾನೆ. ದಿಗಂತದಲ್ಲಿರುವ ಸೂರ್ಯನ ಬೆಳಕು ನೆತ್ತಿಯ ಮೇಲಿದ್ದಾಗಿನದಕ್ಕಿಂತ ಸುಮಾರು 38 ಪಟ್ಟು ಗಾಳಿಯನ್ನು ಹಾದು ಬರಬೇಕು. ನೀಲಿ ದಾರಿಯಲ್ಲೇ ಚದುರಿ ಕೆಂಪು ಉಳಿಯುವುದು ಅದರಿಂದಲೇ. ಆ ಗಾಳಿಯಲ್ಲಿ ಧೂಳು ತುಂಬಿದ್ದರೆ ಕೆಂಪೂ ಮಂಕಾಗುತ್ತದೆ. ಮಳೆ ತೊಳೆದ ಗಾಳಿಯೂ ಮೇಲೆ ತೆಳ್ಳಗಿನ ಮೋಡಗಳೂ ಇರುವ ಸಂಜೆ, ಸೂರ್ಯ ಹೋದ ಹತ್ತು ಹದಿನೈದು ನಿಮಿಷದ ಮೇಲೆ ಆ ಮೋಡಗಳಿಗೆ ಕೆಳಗಿನಿಂದ ಬೆಂಕಿ ತಗಲಿದಂತಾಗುತ್ತದೆ. ಆ ಹೊತ್ತಿಗೆ ಹೆಚ್ಚಿನವರು ಗಾಡಿ ತಿರುಗಿಸುವ ಗಡಿಬಿಡಿಯಲ್ಲಿರುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದೇ ಜಾಗ ಹೇಳಿ ಎಂದು ಹಟ ಹಿಡಿಯುವವರಿಗೆ ನಾನು ಕೋಡಿಬೆಂಗ್ರೆಯ ದಾರಿ ತೋರಿಸುತ್ತೇನೆ. ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯವರೆಗೆ ಚಾಚಿಕೊಂಡ ಕಿರಿದಾದ ನೆಲ ಅದು, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು. ಕುಂದಾಪುರದ ಆಚೆ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ, ಇನ್ನೊಂದು ಮಗ್ಗುಲಿಗೆ ಕಡಲು ಇರುವ ಮರವಂತೆಯಲ್ಲಿಯೂ ಇಂಥದ್ದೇ ನೋಟ ಸಿಗುತ್ತದೆ, ಆದರೆ ಅಲ್ಲಿ ಲಾರಿಗಳ ಸದ್ದು ಜೊತೆಗಿರುತ್ತದೆ. ಕೋಡಿಬೆಂಗ್ರೆಯಲ್ಲಿ ಸೂರ್ಯ ಮುಳುಗಿದ ಕೂಡಲೇ ನಾನು ಕಡಲಿಗೆ ಬೆನ್ನು ಹಾಕಿ ಹೊಳೆಯ ಬದಿಗೆ ನಡೆಯುತ್ತೇನೆ. ಮೂಡಣದ ತೆಂಗಿನ ಸಾಲಿನ ಮೇಲೆ ಬೂದುನೀಲಿಯ ಪಟ್ಟಿಯೊಂದು ನಿಧಾನವಾಗಿ ಏಳುತ್ತಿರುತ್ತದೆ, ಅದರ ಮೇಲಂಚಿಗೆ ತೆಳು ಗುಲಾಬಿ. ಆ ಬೂದುನೀಲಿ ಮೋಡವಲ್ಲ, ಗಾಳಿಯ ಮೇಲೆ ಬಿದ್ದ ಭೂಮಿಯದೇ ನೆರಳು. ಮೊದಲ ಸಲ ಇದನ್ನು ತೋರಿಸಿದಾಗ ಅಣ್ಣನ ಮಗಳು ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಅದರೊಳಗೆ ನಮ್ಮ ನೆರಳೂ ಇದೆಯೇ ಎಂದು ಕೇಳಿದಳು. ಅಷ್ಟರಲ್ಲಿ ಗುಲಾಬಿ ಅಂಚು ಮಾಸಿ, ಹೊಳೆಯಲ್ಲಿ ಬಲೆ ಎಳೆದುಕೊಳ್ಳುತ್ತಿದ್ದ ನಾಡದೋಣಿಯಲ್ಲಿ ಯಾರೋ ಟಾರ್ಚು ಹಚ್ಚಿದರು.