ಅಟ್ಟದ ಮೇಲಿನ ಶಂಕರ್‌ನಾಗ್

"ಇಲ್ಲಿ ಅವರದ್ದು ಅಂತ ಏನೂ ಇಲ್ಲ. ಎಲ್ಲಾ ನಮ್ಮದೇ."

ಭಾನುವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಹೇಳಿದವರು ಶರಾವತಿ ದಂಡೆಯ ಒಂದು ಹಳ್ಳಿಯ ನಿವೃತ್ತ ಮಾಸ್ತರರು. ಅವರ ಬಳಿ ಶಂಕರ್‌ನಾಗ್ ಸಿನಿಮಾಗಳ ಸಾಮಾನು ತುಂಬಾ ಇದೆ ಅಂತ ಕೇಳಿ ಕುಮಟಾದಿಂದ ಹೋಗಿದ್ದೆ. ಶಂಕರ್‌ನಾಗ್ ಹುಟ್ಟಿದ್ದು ಹೊನ್ನಾವರದಲ್ಲಿ, 1954ರ ನವೆಂಬರ್ 9ಕ್ಕೆ. ನಮ್ಮ ಜಿಲ್ಲೆಯವರು ಅನ್ನುವ ಹೆಮ್ಮೆ ನಮಗೆ ಸ್ವಲ್ಪ ಜಾಸ್ತಿಯೇ. ಅವರು ಹಾಕಿದ ಒಂದು ಅಂಗಿ, ಒಂದು ಸಹಿ, ಬರೆದ ಒಂದು ಚೀಟಿ, ಏನಾದರೂ ನೋಡಲು ಸಿಕ್ಕೀತು ಅಂತ ಆಸೆಯಿತ್ತು. ಅದನ್ನೇ ಕೇಳಿದೆ. ಅದಕ್ಕೆ ಬಂದ ಉತ್ತರ ಅದು.

ಮಾಸ್ತರರು ಟ್ರಂಕನ್ನು ಒಲೆಯ ಮೇಲಿನ ಅಟ್ಟದಿಂದ ಇಳಿಸಿದರು. ಕರಾವಳಿಯಲ್ಲಿ ಕಾಗದ ಉಳಿಸುವುದು ಹುಡುಗಾಟವಲ್ಲ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಬೂಸಲು ಬಿಟ್ಟರೆ ಒರಲೆ, ಒರಲೆ ಬಿಟ್ಟರೆ ಇಲಿ. ಹೊಗೆ ತಾಗುವ ಜಾಗದಲ್ಲಿಟ್ಟಿದ್ದಕ್ಕೇ ಇಷ್ಟಾದರೂ ಉಳಿಯಿತು ಅಂದರು. ಟ್ರಂಕು ತೆಗೆದರೆ ನುಸಿಗುಳಿಗೆ ಮತ್ತು ಹೊಗೆಯ ವಾಸನೆ ಒಟ್ಟಿಗೇ ಬಂತು.

ಒಳಗಿದ್ದದ್ದು ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು. ಅರ್ಧ ಕತೆ ಹೇಳಿ, ಮುಂದೇನಾಯಿತು ಅನ್ನುವುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ನಿಲ್ಲಿಸುತ್ತಿದ್ದರಲ್ಲ, ಅವೇ. 1980ರ ‘ಆಟೋ ರಾಜ’ದ ಒಂದು ಪೋಸ್ಟರ್, ಅದರ ಹಿಂದೆ ಇನ್ನೂ ಮೈದಾ ಅಂಟು, ಜೊತೆಗೆ ಯಾರದೋ ಗೋಡೆಯ ಸುಣ್ಣದ ಚಕ್ಕೆ. ಒಂದು ನೋಟ್‌ಬುಕ್ಕಿನ ತುಂಬ ಹರಿದ ಟಿಕೆಟುಗಳು. ಪ್ರತಿ ಟಿಕೆಟಿನ ಪಕ್ಕ ಯಾರ ಜೊತೆ ಹೋಗಿದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ‘ಮಿಂಚಿನ ಓಟ’ದ ಪಕ್ಕ: "ದೊಡ್ಡಣ್ಣ, ನಾನು. ದೋಣಿಯಲ್ಲಿ ವಾಪಸ್." ‘ಆಕ್ಸಿಡೆಂಟ್’ ಪಕ್ಕ: "ಒಬ್ಬನೇ."

ಆ ದೊಡ್ಡಣ್ಣ ಈಗಿಲ್ಲ. ಅದನ್ನು ಮಾಸ್ತರರು ಹೇಳಿದ್ದು ಬಹಳ ಹೊತ್ತಿನ ನಂತರ, ಚಹಾ ಕುಡಿಯುವಾಗ.

ಅಲ್ಲಿಗೆ ಇನ್ನೊಬ್ಬರೂ ಬಂದಿದ್ದರು. ಮೊಬೈಲ್ ಹಿಡಿದು ಎಲ್ಲವನ್ನೂ ವಿಡಿಯೊ ಮಾಡಿಕೊಂಡು, "ಇದನ್ನೆಲ್ಲ ಮಾರಿದ್ರೆ ಎಷ್ಟು ಬರ್ಬಹುದು ಮಾಸ್ತರೇ?" ಅಂತ ಕೇಳಿದರು. ಅವರ ಮನೆಯ ಚಹಾ ಕುಡಿಯುತ್ತಲೇ ಕೇಳಿದ ಮಾತು ಇದು. ನನಗೆ ತಡೆಯದಷ್ಟು ಸಿಟ್ಟು ಬಂತು. ಮಾಸ್ತರರು ಮಾತ್ರ ನೋಟ್‌ಬುಕ್ ಮುಚ್ಚಿ, "ಅವಲಕ್ಕಿ ತಕೊಳ್ಳಿ" ಅಂದರು.

1990ರ ಸೆಪ್ಟೆಂಬರ್ 30ರ ಅಪಘಾತದ ಸುದ್ದಿ ಬಂದ ಪೇಪರೂ ಟ್ರಂಕಿನ ತಳದಲ್ಲಿತ್ತು. ದಾವಣಗೆರೆ ಹತ್ತಿರದ ಆನಗೋಡು. ಶಂಕರ್‌ನಾಗ್‌ಗೆ ಆಗ 36 ಕೂಡ ತುಂಬಿರಲಿಲ್ಲ. ಆ ಪೇಪರನ್ನು ಮಾಸ್ತರರು ಬಿಚ್ಚಲಿಲ್ಲ, ನಾನೂ ಬಿಚ್ಚಿ ಅನ್ನಲಿಲ್ಲ.

ಎಲ್ಲಾ ನಮ್ಮದೇ. ನಿಜ ಅಲ್ವಾ? ನಟನ ಅಂಗಿ ಸಿಕ್ಕಿದ್ದರೆ ಅದು ನಟನ ಕತೆ ಹೇಳುತ್ತಿತ್ತು. ಶರಾವತಿ ದಾಟಿ ಸಿನಿಮಾಕ್ಕೆ ಹೋದ ಇಬ್ಬರು ಹುಡುಗರ ಕತೆ ಹೇಳುವುದು ಈ ಟಿಕೆಟು ಮಾತ್ರ. ಸಿನಿಮಾ ಮಾಡಿದವರ ಹೆಸರು ಎಲ್ಲಾದರೂ ಉಳಿಯುತ್ತದೆ. ನೋಡಿದವರದ್ದನ್ನು ಯಾರು ಬರೆದಿಡುತ್ತಾರೆ? ಮಾಸ್ತರರ ಕೆಲಸ ನನಗೆ ದೊಡ್ಡದಾಗಿ ಕಂಡದ್ದು ಇದಕ್ಕೇ.

ವಾಪಸ್ ಬರುವಾಗ ಯಾಣಕ್ಕೆ ಹೋದೆ. ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೆ ಯಾಣಕ್ಕೆ ಜನ ಮುಗಿಬಿದ್ದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಆ ಕಪ್ಪು ಬಂಡೆಯ ಮೇಲೆ ಸಿನಿಮಾದ ಒಂದು ಗುರುತೂ ಇಲ್ಲ. ಮೆಟ್ಟಿಲ ಹತ್ತಿರ ಒಬ್ಬ ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದರು: "ಇಲ್ಲೇ ಶೂಟಿಂಗ್ ಆಗಿದ್ದು. ನಾನು ಆ ಪಿಚ್ಚರ್ ನೋಡುವಾಗ ನಿನ್ನ ಅಪ್ಪ ನನ್ನ ಹೊಟ್ಟೆಯಲ್ಲಿದ್ದ." ಹುಡುಗ ಬಂಡೆ ಬಿಟ್ಟು ಅಪ್ಪನನ್ನೇ ನೋಡತೊಡಗಿದ. ಅಪ್ಪನಿಗೆ ನಾಚಿಕೆ. ನನಗೆ ತಕ್ಷಣ ಮಾಸ್ತರರಿಗೆ ಫೋನ್ ಮಾಡಿ ಇದನ್ನು ಹೇಳಬೇಕು ಅನ್ನಿಸಿತು. ಸಿಗ್ನಲ್ ಇರಲಿಲ್ಲ.

ರಾತ್ರಿ ಮನೆಯಿಂದ ಮಾಡಿದೆ. ಅಜ್ಜಿಯ ಮಾತು ಕೇಳಿ ಜೋರಾಗಿ ನಕ್ಕರು. ಆಮೇಲೆ ನಮ್ಮ ಅಪ್ಪನ ‘ಗೀತಾ’ ಕ್ಯಾಸೆಟ್ಟಿನ ವಿಷಯ ಹೇಳಿದೆ. ಲೇಬಲ್ಲಿನ ಮೇಲೆ ಅಪ್ಪನೇ ಹೆಸರು ಬರೆದದ್ದು, ಅದನ್ನು ನಿಮ್ಮ ಟ್ರಂಕಿಗೆ ಕೊಡುತ್ತೇನೆ ಅಂದೆ.

"ಬೇಡ, ನಿಮ್ಮಲ್ಲೇ ಇರ್ಲಿ" ಅಂದರು. "ಆದ್ರೆ ಮಳೆ ಶುರುವಾಗೋ ಮೊದ್ಲು ಒಂದ್ಸಲ ಪೂರ್ತಿ ಹಾಕಿ ಕೇಳಿ. ಸುಮ್ನೆ ಇಟ್ರೆ ಬೂಸಲು ಹಿಡಿದು ರೀಲು ಅಂಟ್ಕೊಳ್ತದೆ."

ನಮ್ಮ ಮನೆಯ ಟೇಪ್ ರೆಕಾರ್ಡರ್ ಗುಜರಿಗೆ ಹೋಗಿ ವರ್ಷಗಳೇ ಆದವು. ಕುಮಟಾ, ಹೊನ್ನಾವರ ಕಡೆ ಯಾರ ಮನೆಯಲ್ಲಾದರೂ ಓಡುವ ಟೇಪ್ ರೆಕಾರ್ಡರ್ ಇದ್ದರೆ ದಯವಿಟ್ಟು ತಿಳಿಸಿ. ಕ್ಯಾಸೆಟ್ ಹಿಡಿದುಕೊಂಡು ನಾನೇ ಬರುತ್ತೇನೆ.