ಕಣದಲ್ಲಿ ಕಾಫಿ, ಮಾತಿನಲ್ಲಿ ಮಳೆ

ಆಲ್ದೂರಿನ ಹತ್ತಿರ ನಮ್ಮಕ್ಕನ ಮನೆ. ಕಾಫಿ ತೋಟದ ಜೊತೆಗೆ ಹೋಂಸ್ಟೇ ಕೂಡ ನಡೆಸ್ತಾರೆ. ಇಂಗ್ಲೆಂಡಿನಿಂದ ವಯಸ್ಸಾದ ಗಂಡ ಹೆಂಡತಿ ಬಂದು ಇಳಿದುಕೊಂಡಾಗ ಅಕ್ಕ ಫೋನ್ ಮಾಡಿದಳು. "ಎರಡು ದಿನ ಬಂದು ಹೋಗೋ ಮಾರಾಯ, ಅವರ ಇಂಗ್ಲಿಷು ನಮಗೆ ಪೂರ್ತಿ ತಿಳಿಯಲ್ಲ." ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವವನು. ಖುಷಿಯಿಂದಲೇ ಹೊರಟೆ.

ಜನವರಿ ತಿಂಗಳು. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂದಿತ್ತು. ಕಣದ ತುಂಬಾ ಪಾರ್ಚ್‌ಮೆಂಟ್ ಹರವಿದ್ದರು. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದ ಬೀಜವೇ ಈ ಪಾರ್ಚ್‌ಮೆಂಟ್. ಇದರ ತೇವ ಶೇಕಡಾ 10ರ ಹತ್ತಿರಕ್ಕೆ ಇಳಿಯುವ ತನಕ ಒಳ್ಳೆ ಬಿಸಿಲು ಬೇಕು. ನಡುವೆ ಮಳೆಗೆ ನೆನೆದರೆ ಬೂಷ್ಟು ಹಿಡಿಯುತ್ತೆ, ವಾಸನೆ ಬರುತ್ತೆ, ರೇಟು ಬೀಳುತ್ತೆ. ಅಂಥ ಹೊತ್ತಿನಲ್ಲಿ ಮಳೆ ಬಗ್ಗೆ ಯಾರು ಏನಂದರೂ ಭಾವನಿಗೆ ಅದು ಬೇಕು.

ಬೆಳಿಗ್ಗೆ ಅಕ್ಕಿರೊಟ್ಟಿ ತಿನ್ನುತ್ತಾ ಆ ಯಜಮಾನರು ಫೋನ್ ನೋಡಿದರು. "ಇಟ್ಸ್ ಸಪೋಸ್ಡ್ ಟು ರೇನ್ ದಿಸ್ ಆಫ್ಟರ್‌ನೂನ್" ಅಂದರು.

"ಏನು ಹೇಳ್ತಾರೆ?" ಅಂದ ಭಾವ.

"ಮಧ್ಯಾಹ್ನದ ಮೇಲೆ ಮಳೆ ಬರುತ್ತಂತೆ ಭಾವ."

ನಮ್ಮ ಆ 'ಅಂತೆ' ಇದೆಯಲ್ಲ, ಅದರ ಕೆಲಸವನ್ನೇ ಅಲ್ಲಿ 'ಸಪೋಸ್ಡ್ ಟು' ಮಾಡುತ್ತಿತ್ತು. ಹವಾಮಾನದವರು ಹೇಳಿದ್ದನ್ನು ಅವರು ದಾಟಿಸಿದರು, ತಮ್ಮ ಲೆಕ್ಕ ಏನೂ ಹೇಳಲಿಲ್ಲ. ಹೆಂಡತಿ ಮಾತ್ರ ಅಂಗಳದಿಂದ ಆಕಾಶ ನೋಡಿ, "ಐ ಡೋಂಟ್ ಥಿಂಕ್ ಇಟ್ ವಿಲ್" ಅಂದರು. ನಮ್ಮ ಮಕ್ಕಳಾದರೆ "ಐ ಥಿಂಕ್ ಇಟ್ ವಿಲ್ ನಾಟ್ ರೇನ್" ಅಂತ ಬರೀತಾರೆ. ತಪ್ಪೇನಲ್ಲ. ಆದರೆ ಇಂಗ್ಲಿಷಿನವರು ಮಾತಾಡುವಾಗ 'ಇಲ್ಲ' ಅನ್ನೋದನ್ನ ಸಾಮಾನ್ಯವಾಗಿ 'ಥಿಂಕ್' ಜೊತೆಗೇ ಸೇರಿಸಿಬಿಡ್ತಾರೆ. ಮಾತು ಸ್ವಲ್ಪ ಮೆತ್ತಗಾಗುತ್ತೆ.

ಊಟ ಆಗಿ ಒಂದಿಷ್ಟು ಹೊತ್ತಿಗೆ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ಗಾಳಿ ತಣ್ಣಗಾಯಿತು. ಆಕೆ ಜಗಲಿಯಿಂದ ಕೂಗಿದರು: "ಇಟ್ಸ್ ಗೋಯಿಂಗ್ ಟು ರೇನ್!" ಬಾಯಲ್ಲಿ ಅದು 'ಗೊನ್ನ' ಅಂತಲೇ ಕೇಳಿಸಿತು. ಬೆಳಿಗ್ಗೆ ಬರೀ ಅನಿಸಿಕೆ, ಅದಕ್ಕೆ 'ವಿಲ್'. ಈಗ ಮೋಡ ಕಣ್ಣೆದುರಿಗೇ ನಿಂತಿದೆ, ಅದಕ್ಕೆ 'ಗೋಯಿಂಗ್ ಟು'. ಕ್ಲಾಸಿನಲ್ಲಿ ಎಷ್ಟು ಉದಾಹರಣೆ ಕೊಟ್ಟರೂ ಇಷ್ಟು ಚೆನ್ನಾಗಿ ಹೇಳೋಕಾಗಲ್ಲ.

ಭಾವ ನನ್ನ ಕನ್ನಡಕ್ಕೆ ಕಾಯಲಿಲ್ಲ. "ಟಾರ್ಪಾಲ್ ತನ್ರೋ!" ಅಂತ ಓಡಿದ. ಹಲಗೆಯಲ್ಲಿ ಎಳೆದು ಬೀಜವನ್ನು ರಾಶಿ ಮಾಡಿದೆವು. ಅರೆಬರೆ ಒಣಗಿದ ಪಾರ್ಚ್‌ಮೆಂಟು ಎಳೆಯುವಾಗ ಸಣ್ಣ ಜಲ್ಲಿಯ ಹಾಗೆ ಸದ್ದು ಮಾಡುತ್ತೆ. ಆಕೆಯೂ ಕಣಕ್ಕೆ ಇಳಿದು, "ಶಲ್ ಐ ಹೋಲ್ಡ್ ದಿಸ್ ಎಂಡ್?" ಅಂತ ಟಾರ್ಪಾಲಿನ ತುದಿ ಹಿಡಿದರು. ಅವತ್ತಿಡೀ ಅವರ ಬಾಯಿಂದ ನಾನು ಕೇಳಿದ 'ಶಲ್' ಅದೊಂದೇ. ಅದರಲ್ಲಿ ಭವಿಷ್ಯ ಇರಲಿಲ್ಲ, 'ಹಿಡ್ಕೊಳ್ಲಾ?' ಅನ್ನೋ ಕೇಳಿಕೆ ಇತ್ತು.

ನಾನು ಓದುವಾಗ 'ಐ' ಮತ್ತು 'ವಿ' ಬಂದರೆ 'ಶಲ್', ಉಳಿದದ್ದಕ್ಕೆಲ್ಲ 'ವಿಲ್' ಅಂತ ಬಾಯಿಪಾಠ ಮಾಡಿಸಿದ್ದರು. ಜಾನ್ ವಾಲಿಸ್ ಅನ್ನುವವರು 1653ರಲ್ಲಿ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಈ ನಿಯಮ ಇದೆ. ಅಷ್ಟು ಹಳೇದು. ಇಂಗ್ಲಿಷಿನ ಕ್ರಿಯಾಪದಕ್ಕೆ ಹಿಂದೆ ಆದದ್ದನ್ನು ಹೇಳುವ ರೂಪ ಉಂಟು. ಮುಂದೆ ಆಗೋದಕ್ಕೆ ಅಂತ ಅದರದೇ ರೂಪ ಇಲ್ಲ. ಅದಕ್ಕೇ ಇಷ್ಟೆಲ್ಲ ಪದಗಳ ಸಹಾಯ ಬೇಕಾಗುತ್ತೆ. ಯಾವುದನ್ನು ಆರಿಸ್ತಾರೆ ಅನ್ನೋದು ಹೇಳುವವರಿಗೆ ಆ ಸಂಗತಿ ಹೇಗೆ ಗೊತ್ತಾಯ್ತು, ಎಷ್ಟು ಖಾತ್ರಿ ಇದೆ ಅನ್ನೋದರ ಮೇಲೆ ನಿಂತಿದೆ. ಇದನ್ನು ಮೊದಲ ದಿನವೇ ಹೇಳಿದರೆ ಮಕ್ಕಳಿಗೆ ಎಷ್ಟು ಹಗುರ ಅಲ್ವಾ? ಕೋಷ್ಟಕ ಬರೆಸಿ ಬರೆಸಿ ಅವರನ್ನು ಸುಮ್ನೆ ಹೆದರಿಸ್ತೀವಿ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ಮಳೆ ಬಂದೇ ಬಂತು. ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿ ಎಲ್ಲರೂ ಜಗಲಿಗೆ ಬಂದೆವು. ಯಜಮಾನರು ಭಾವನ ಹೆಗಲು ತಟ್ಟಿ, "ಇಟ್ ಶುಡ್ ಸ್ಟಾಪ್ ಬೈ ಸಿಕ್ಸ್" ಅಂದರು. ಈ 'ಶುಡ್' ಬಗ್ಗೆ ಒಂದು ಮಾತು ಹೇಳಲೇಬೇಕು. ಭವಿಷ್ಯ ಹೇಳುವಾಗ ಇದು ಹೆಚ್ಚಾಗಿ ಬರೋದು ಆಗಲಿ ಅಂತ ನಾವು ಬಯಸುವ ಕಡೆ. ಮಳೆ ನಿಲ್ಲೋದಕ್ಕೆ 'ಶುಡ್', ಬಸ್ಸು ಬರೋದಕ್ಕೆ 'ಶುಡ್'. ಕಾಫಿ ಹಾಳಾಗೋದಕ್ಕೆ ಅದನ್ನು ಸಾಮಾನ್ಯವಾಗಿ ಬಳಸಲ್ಲ, ಅಲ್ಲಿ 'ಮೈಟ್' ಅಂತಾರೆ. ಭಾವನ ಮುಖ ನೋಡಿಯೇ ಆ ಹಿರಿಯರು 'ಶುಡ್' ಅಂದದ್ದು ಅಂತ ನನ್ನ ನಂಬಿಕೆ. ಅವರು ಹೇಳಿದ್ದನ್ನು ಭಾವನಿಗೆ, "ಆರರೊಳಗೆ ನಿಲ್ಲಬೇಕು ಭಾವ, ನಿಲ್ಲುತ್ತೆ" ಅಂತ ಹೇಳಿದೆ. ಕತ್ತಲಾಗೋ ಮೊದಲೇ ನಿಂತಿತು. ರಾಶಿಯ ಒಂದು ಮೂಲೆ ಬಿಟ್ಟರೆ ಎಲ್ಲ ಒಣಗಿಯೇ ಇತ್ತು.

ಮರುದಿನ ಹೊರಡುವಾಗ ಆಕೆ ಅಕ್ಕನ ಕೈ ಹಿಡಿದು, "ವಿ ಮೈಟ್ ಕಮ್ ಬ್ಯಾಕ್ ನೆಕ್ಸ್ಟ್ ಇಯರ್" ಅಂದರು.

"ಮುಂದಿನ ವರ್ಷ ಬರ್ತಾರಂತಾ?" ಅಕ್ಕ ಕೇಳಿದಳು.

"ಬಂದರೂ ಬರಬಹುದು ಅಂತಿದ್ದಾರೆ."

"ಹಾಗಾದ್ರೆ ನಂಬರ್ ಬರೆದುಕೊಡೋ. ಕುಯ್ಲು ಶುರುವಾಗೋ ಮೊದಲು ನಾನೇ ಒಂದ್ಸಲ ಮೆಸೇಜ್ ಹಾಕಿ ಕೇಳ್ತೀನಿ."