ಕೂಲರ್ ತೋರಿಸುವ ಮೊದಲು ಕರೆಂಟ್ ಬಿಲ್ ಕೇಳುತ್ತೇನೆ

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಎಲೆಕ್ಟ್ರಿಕಲ್ ಅಂಗಡಿ. ಮಾರ್ಚ್ ಬಂತೆಂದರೆ ಕೂಲರ್ ಕೇಳುವವರೇ ಜಾಸ್ತಿ. "ಇದನ್ನ ಹಚ್ಚಿದ್ರ ಬಿಲ್ ಎಷ್ಟ್ ಏರತೈತ್ರಿ?" ಅಂತ ಎಲ್ಲರೂ ಕೇಳುತ್ತಾರೆ. ಬಿಲ್ ನೋಡದೆ ನಾನು ಉತ್ತರ ಕೊಡುವುದಿಲ್ಲ.

ಹೆಚ್ಚಿನವರು ಬಿಲ್ಲಿನ ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ, "ಯೂನಿಟ್‌ಗೆ ಎಂಟೂವರೆ ಬೀಳತೈತಿ" ಎನ್ನುತ್ತಾರೆ. ಆ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಿಲ್ಲಿನಲ್ಲಿ ಒಂದು ಭಾಗ ಮನೆಗೆ ಬೀಗ ಹಾಕಿದ್ದರೂ ಬರುವ ನಿಗದಿತ ಶುಲ್ಕ. ಇನ್ನೊಂದು ಭಾಗ ಮಾತ್ರ ಯೂನಿಟ್ ಏರಿದಂತೆ ಏರುತ್ತದೆ. ಏಪ್ರಿಲ್ 2025ರ ದರದಲ್ಲಿ ನಿಗದಿತ ಶುಲ್ಕ ಮನೆಗೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ, ಬಳಸಿದ ಯೂನಿಟ್‌ಗೆ 5.80. ವಿದ್ಯುತ್ ನೌಕರರ ಪಿಂಚಣಿ ಬಾಬತ್ತಿನ 36 ಪೈಸೆ, ಶೇ. 9 ತೆರಿಗೆ ಸೇರಿದರೆ ಯೂನಿಟ್‌ಗೆ ಹತ್ತಿರಹತ್ತಿರ 6.70. ಇಂಧನ ಹೊಂದಾಣಿಕೆ ಶುಲ್ಕ ಬೇರೆ ಇದೆ, ಅದು ಏರಿಳಿಯುತ್ತಿರುತ್ತದೆ, ಬಿಡಿ. 3 ಕಿಲೋವ್ಯಾಟ್ ಮನೆಗೆ:

ಬಿಲ್ = 435 + 6.70 × ಯೂನಿಟ್

ಹೈಸ್ಕೂಲಿನ ಸರಳರೇಖೆಯ ಸಮೀಕರಣವೇ ಇದು. 2024ರ ಏಪ್ರಿಲ್‌ಗೆ ಮೊದಲು ಬಳಕೆ ಏರಿದರೆ ಯೂನಿಟ್ ದರವೂ ಏರುವ ಸ್ಲ್ಯಾಬ್ ಇದ್ದವು, ಗೆರೆ ಇಷ್ಟು ನೇರ ಇರಲಿಲ್ಲ. 180 ವ್ಯಾಟ್ ಕೂಲರ್ ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 54 ಯೂನಿಟ್. ಈಗಾಗಲೇ 260 ಯೂನಿಟ್ ಸುಡುವ ಮನೆಗೆ ಅದು 362 ರೂಪಾಯಿ, ಅಷ್ಟೇ.

ಆದರೆ ಗೃಹಜ್ಯೋತಿ ಮನೆಯಲ್ಲಿ ಈ ಗೆರೆ ಒಮ್ಮೆಲೇ ಜಿಗಿಯುತ್ತದೆ. ಮೊನ್ನೆ ಬಂದ ಕಾಕಾ ಒಬ್ಬರದೂ 3 ಕಿಲೋವ್ಯಾಟ್ ಮನೆ, 165 ಯೂನಿಟ್‌ವರೆಗೆ ಉಚಿತ. ಬಳಕೆ 150, ಬಿಲ್ ಸೊನ್ನೆ.

"ಕೂಲರ್ ಹಚ್ಚಿದ್ರ 204 ಆಗತೈತ್ರಿ ಕಾಕಾ. 200 ದಾಟಿದ್ರ ಪೂರಾ ಬಿಲ್ ಕಟ್ಟಬೇಕು. ಸಾವಿರದ ಎಂಟನೂರು."

"ಹಾಂ? ಒಂದ್ ಕೂಲರಿಗೆ?"

ಅದೇ ಕೂಲರ್, ಅದೇ 54 ಯೂನಿಟ್. ಒಬ್ಬರಿಗೆ 362, ಇವರಿಗೆ 1,802. 200ರ ಒಳಗೇ ಉಳಿದರೆ 165ರ ಮೇಲಿನ ಯೂನಿಟ್‌ಗಷ್ಟೇ ದುಡ್ಡು. ಕೂಲರ್ ಮಾರಬೇಕಾದ ನನಗೆ ಈ ಲೆಕ್ಕ ಹೇಳುವುದು ನಷ್ಟ ಅನ್ನಿಸಬಹುದು, ಅಲ್ವಾ? ಆದರೆ ಮೇ ತಿಂಗಳಲ್ಲಿ ಬಿಲ್ ಹಿಡಿದು ಜಗಳಕ್ಕೆ ಬರುವ ಗಿರಾಕಿ ಅದಕ್ಕಿಂತ ದುಬಾರಿ.

ಮನೆಯಲ್ಲಿ ಮತ್ತೇನೇನಿದೆ ಅಂತ ಕೇಳಿದೆ. ಒಂದು ಎಚ್‌ಪಿ ಮೋಟಾರ್ ಇತ್ತು. ಟ್ಯಾಂಕ್ ತುಂಬಿ ಸುರಿಯುವ ಸದ್ದು ಕೇಳಿದ ಮೇಲೇ ಬಂದ್ ಮಾಡುತ್ತಾರಂತೆ. ದಿನಕ್ಕೆ ಅರ್ಧ ಗಂಟೆ ಸುಮ್ನೆ ಓಡಿದರೂ ತಿಂಗಳಿಗೆ 11 ಯೂನಿಟ್. ಅದನ್ನು ಕಳೆದರೆ 193, ಬಿಲ್ 190 ರೂಪಾಯಿ ಆಸುಪಾಸು.

ಕಾಕಾ ಕೂಲರ್ ಜೊತೆಗೆ ಟ್ಯಾಂಕ್ ತುಂಬಿದಾಗ ಮೋಟಾರ್ ತಾನೇ ನಿಲ್ಲಿಸುವ ಸ್ವಿಚ್ಚನ್ನೂ ಒಯ್ದರು.